ಕುಪ್ಪಳಿಯ ತುಂಬುಮನೆ ಮತ್ತು ಕವಿಯ ಕಾಲುದಾರಿ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ರಾಷ್ಟ್ರಕವಿ ಕುವೆಂಪು ಅವರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಅವರ ಕೃತಿಗಳ ವಿಮರ್ಶೆ ನನ್ನ ಶಕ್ತಿಗೆ ಮೀರಿದ್ದು. ಆದರೆ ಅವರು ಬೆಳೆದ ತುಂಬುಮನೆಯನ್ನೂ ರಜೆಯ ದಿನಗಳಲ್ಲಿ ಹತ್ತಿಳಿದ ಬೆಟ್ಟಗಳನ್ನೂ ಕುರಿತು ನಾಲ್ಕು ಮಾತು ಹೇಳಬಲ್ಲೆ. ಅಂಥದೇ ಒಂದು ಮನೆಯಲ್ಲಿ ನಾನೂ ಬೆಳೆದವನು.

ನಮ್ಮದು ಡೆಂಕಣಿಕೋಟೆಯ ಕಡೆಯ ಹಳ್ಳಿ. ನಾನು ಹುಟ್ಟಿದಾಗ ಅದು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಜಿಲ್ಲೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ಮೂರು ತಿಂಗಳ ಪರೀಕ್ಷೆ ಮುಗಿದು ದಸರಾ ರಜೆ ಬಂದೊಡನೆ, ದೊಡ್ಡಪ್ಪನವರ ಹಿಂದೆ ಮನೆಯ ಮಕ್ಕಳೆಲ್ಲರೂ ಬುತ್ತಿ ಕಟ್ಟಿಕೊಂಡು ಅಂಚೆಟ್ಟಿ, ನಾಟ್ರಾಪಾಳ್ಯದ ದಾರಿಯಾಗಿ ಹೊಗೇನಕಲ್ಲಿಗೆ ಎರಡು ದಿನ ನಡೆಯುತ್ತಿದ್ದೆವು. ದಾರಿಯುದ್ದಕ್ಕೂ ಹುಚ್ಚೆಳ್ಳಿನ ಹೊಲಗಳು ಹಳದಿ ಹೂ ಬಿಟ್ಟು ನಿಂತಿರುತ್ತಿದ್ದವು. ಅಂಥದೊಂದು ರಜೆ ಮುಗಿದು ಬಂದಾಗ ಗುರುಗಳು ತರಗತಿಯಲ್ಲಿ ಮಲೆನಾಡಿನ ಚಿತ್ರಗಳು ಪುಸ್ತಕದಿಂದ ಕೆಲವು ಪುಟಗಳನ್ನು ಓದಿದರು. ಈ ಕವಿ ನಮ್ಮ ಮನೆಯವರೇ ಇರಬೇಕೆಂದು ಅಂದು ನನಗೆ ಅನಿಸಿತು.

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯಿಯ ತವರಿನಲ್ಲಿ. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮನವರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಅದೊಂದು ದೊಡ್ಡ ಚೌಕಿಮನೆ. ನಡುವೆ ಅಂಗಳ, ಸುತ್ತ ಜಗಲಿ, ಮೇಲೆ ಉಪ್ಪರಿಗೆ. ಬಂಧುಗಳು, ಆಳುಕಾಳುಗಳು, ಬಂದುಹೋಗುವ ನೆಂಟರು ಎಲ್ಲರಿಗೂ ಅಲ್ಲಿ ಸ್ಥಳವಿತ್ತು. ಮನೆಯ ಮಕ್ಕಳಿಗೆ ಪಾಠ ಹೇಳಲು ದಕ್ಷಿಣ ಕನ್ನಡದಿಂದ ಒಬ್ಬ ಐಗಳನ್ನು ಕರೆಸಿಕೊಂಡಿದ್ದರು. ಕವಿಯ ಮೊದಲ ಶಾಲೆ ಆ ಮನೆಯೇ.

ಅಲ್ಲಿಂದ ತೀರ್ಥಹಳ್ಳಿಯ ಶಾಲೆಗೆ ಹೋದರು. 12ನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಮುಂದೆ ಮೈಸೂರಿನ ವೆಸ್ಲಿಯನ್ ಹೈಸ್ಕೂಲಿನಲ್ಲಿಯೂ ಮಹಾರಾಜಾ ಕಾಲೇಜಿನಲ್ಲಿಯೂ ಓದಿ 1929ರಲ್ಲಿ ಎಂ.ಎ. ಪದವಿ ಪಡೆದರು. ಮೊದಲು ಬರೆದದ್ದು ಇಂಗ್ಲಿಷ್ ಕವಿತೆಗಳನ್ನು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಕವಿತೆಗಳನ್ನು ನೋಡಿ, ಮಾತೃಭಾಷೆಯಲ್ಲಿ ಬರೆಯುವಂತೆ ಸಲಹೆಯಿತ್ತರು. ಈ ಪ್ರಸಂಗವನ್ನು ಎಲ್ಲರೂ ಬಲ್ಲರು. ಆದರೆ ಸಲಹೆಯೊಂದರಿಂದಲೇ ಕವಿಯಾಗುವುದಿಲ್ಲ. ಮರಳಿ ಬರಲು ಅವರಿಗೊಂದು ಮನೆಯಿತ್ತು, ಆ ಮನೆಯ ಮಾತು ಅವರ ಕಿವಿಯಲ್ಲಿತ್ತು.

ರಜೆ ಬಂದಾಗ ಅವರು ಮಲೆನಾಡಿಗೆ ಹಿಂದಿರುಗುತ್ತಿದ್ದರು. ಮಳೆ ಹಿಂದೆಗೆದ ಶರತ್ಕಾಲದಲ್ಲಿ ಮಲೆನಾಡಿನ ಮನೆಗಳಿಗೆ ಬಿಡುವಿಲ್ಲ. ಆಶ್ವಯುಜದ ಹುಣ್ಣಿಮೆಯಂದು ಭೂಮಿತಾಯಿಗೆ ಬಯಕೆಯ ಅಡುಗೆ ಬಡಿಸುವ ಹಬ್ಬ, ಅದರ ಹಿಂದೆಯೇ ದೀಪಾವಳಿ, ಆಮೇಲೆ ಅಡಕೆ ಕೊಯ್ಲು, ರಾತ್ರಿ ದೀಪದ ಬೆಳಕಿನಲ್ಲಿ ಎಲ್ಲರೂ ಕುಳಿತು ಅಡಕೆ ಸುಲಿಯುವ ಕೆಲಸ. ಈ ಗದ್ದಲದ ನಡುವೆಯೇ ಬೆಟ್ಟವೂ ಕರೆಯುತ್ತಿತ್ತು. ಮನೆಯ ಮೇಲಣ ಗುಡ್ಡದ ಹಾಸುಬಂಡೆ ಸಂಜೆಯ ಸೂರ್ಯಾಸ್ತಕ್ಕೆ; ಅದನ್ನೇ ಅವರು ಕವಿಶೈಲವೆಂದು ಕರೆದರು. ನವಿಲುಕಲ್ಲು ಬೆಳಗಿನ ಸೂರ್ಯೋದಯಕ್ಕೆ. ತುಂಗೆಯ ದಡದ ಸಿಬ್ಬಲುಗುಡ್ಡೆ ಮತ್ತೊಂದು ಮೆಚ್ಚಿನ ತಾಣ. ಈ ಅಲೆದಾಟಗಳ ಫಲವೇ 1933ರ ಮಲೆನಾಡಿನ ಚಿತ್ರಗಳು. ತಮ್ಮ ಗುರುಗಳಾದ ಬಿ.ಎಂ.ಶ್ರೀ. ಮತ್ತು ಟಿ.ಎಸ್.ವೆಂಕಣ್ಣಯ್ಯನವರನ್ನೂ ಅವರು ಕವಿಶೈಲಕ್ಕೆ ಕರೆದೊಯ್ದಿದ್ದರು.

1937ರಲ್ಲಿ ದೇವಂಗಿಯ ಹೇಮಾವತಿಯವರೊಡನೆ ವಿವಾಹವಾಯಿತು. ಮೈಸೂರಿನ ಉದಯರವಿಯಲ್ಲಿ ನಾಲ್ವರು ಮಕ್ಕಳೊಡನೆ ಸಂಸಾರ ಬೆಳೆಯಿತು. ಮಕ್ಕಳು ಅವರನ್ನು ಕರೆಯುತ್ತಿದ್ದುದು ಅಣ್ಣ ಎಂದು. 1956ರಿಂದ 1960ರವರೆಗೆ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಶ್ರೀ ರಾಮಾಯಣ ದರ್ಶನಂ ಕಾವ್ಯಕ್ಕೆ ಜ್ಞಾನಪೀಠ ಬಂತು. ಇಷ್ಟೆಲ್ಲ ಆದರೂ ಕುಕ್ಕರಹಳ್ಳಿ ಕೆರೆಯ ದಂಡೆಯ ನಡಿಗೆ ಅವರಿಗೆ ಪ್ರಿಯವಾಗಿತ್ತು. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡಾಗ, ಅವರ ಅಂತ್ಯಸಂಸ್ಕಾರವನ್ನು ಕವಿಶೈಲದಲ್ಲಿಯೇ ಮಾಡಲಾಯಿತು.

ತುಂಬುಮನೆಯನ್ನು ಅವರು ಕೇವಲ ಹೊಗಳಿದವರಲ್ಲ. 1936ರ ಕಾನೂರು ಹೆಗ್ಗಡಿತಿಯಲ್ಲಿ ಮನೆಯೊಂದು ಒಡೆದು ಪಾಲಾಗುವ ಬಗೆಯನ್ನು ನಿಷ್ಠುರವಾಗಿ ಚಿತ್ರಿಸಿದ್ದಾರೆ. ಆ ಭಾಗವನ್ನು ಇಂದಿಗೂ ನಾನು ನಿಧಾನವಾಗಿ ಓದಲಾರೆ. ನಮ್ಮ ಮನೆಯೂ ಪಾಲಾಯಿತು. ನಡುಮನೆಗೆ ಅಡ್ಡಗೋಡೆ ಎದ್ದಿತು, ದಸರಾ ನಡಿಗೆ ನಿಂತಿತು. ದೊಡ್ಡಪ್ಪನವರ ಮಗ ಸೇಲಂ ಸೇರಿದ. ನಮ್ಮಿಬ್ಬರ ನಡುವೆ ಬಹುಕಾಲ ಮಾತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕುಪ್ಪಳಿಗೆ ಹೋಗಿದ್ದೆ. ಆ ಮನೆ ಈಗ ವಸ್ತುಸಂಗ್ರಹಾಲಯ. ದೊಡ್ಡ ಒಲೆ, ಪಾತ್ರೆಪರಡಿಗಳನ್ನು ಒಪ್ಪವಾಗಿ ಇಟ್ಟಿದ್ದಾರೆ. ಉಣ್ಣುವವರು ಮಾತ್ರ ಇಲ್ಲ. ಜಗಲಿಯ ಮೇಲೆ ತುಸುಹೊತ್ತು ಕುಳಿತೆ. ಊರಿಗೆ ಹಿಂದಿರುಗಿದ ದಿನವೇ ಸೇಲಂಗೆ ಫೋನ್ ಮಾಡಿದೆ.

ಹಳೆಯ ಹೊಗೇನಕಲ್ ದಾರಿಯ ಕಾಡುಗಳು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಅಭಯಾರಣ್ಯವಾದವು. ಅಲ್ಲಿ ಮೊದಲಿನಂತೆ ಮನಬಂದಂತೆ ಅಲೆಯಲಾಗದು. ಆದ್ದರಿಂದ ಕಳೆದ ದಸರೆಗೆ ಎರಡೂ ಮನೆಯವರು ಏರ್ಕಾಡಿಗೆ ಹೋಗಿ, ಶೇರ್ವರಾಯನ ಗುಡಿಯವರೆಗೆ ನಡೆದೆವು. ಅಣ್ಣನ ಮೊಮ್ಮಗಳು ಸೇಲಂನಲ್ಲಿ ಓದುತ್ತಿರುವ ಹುಡುಗಿ, ಕನ್ನಡ ಅಕ್ಷರ ಬಾರದು. ಹೊಗೇನಕಲ್ ಎಂದರೇನು ತಾತ ಎಂದು ಕೇಳಿದಳು. ಹೊಗೆಯಂತೆ ನೀರು ಏಳುವ ಕಲ್ಲು ಎಂದೆ. ಹಾಗಾದರೆ ಅದು ನಮ್ಮ ಮಾತೇ ಎಂದು ಬೆರಗಾದಳು. ಅಂದಿನಿಂದ ಪ್ರತಿ ಭಾನುವಾರ ಫೋನಿನಲ್ಲಿ ಅವಳಿಗೆ ಅಕ್ಷರ ಹೇಳಿಕೊಡುತ್ತಿದ್ದೇನೆ. ಈಗ ಒತ್ತಕ್ಷರಕ್ಕೆ ಬಂದಿದ್ದೇವೆ.

ಸೇಲಂ, ಧರ್ಮಪುರಿ ಕಡೆಗಳಲ್ಲಿ ಚದುರಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಅಕ್ಷರವನ್ನು ಶಾಲೆ ಕೊಟ್ಟಿತು, ಇನ್ನೂ ಕೊಡುತ್ತಿದೆ. ಆದರೆ ಆ ಅಕ್ಷರಕ್ಕೆ ಜೀವ ತುಂಬುವುದು ಮನೆ, ಮತ್ತು ಮನೆಯವರು ಕೂಡಿ ನಡೆಯುವ ದಾರಿ. ಬರುವ ದಸರೆಗೆ ಮಕ್ಕಳನ್ನು ಕರೆದುಕೊಂಡು ಹತ್ತಿರದ ಯಾವುದಾದರೂ ಒಂದು ಬೆಟ್ಟ ಹತ್ತಿ. ಮಾತು ಮುರಿದುಕೊಂಡ ಬಂಧುಗಳಿದ್ದರೆ ಅವರನ್ನೂ ಕರೆಯಿರಿ.