ಸಾಲಿ ಕಟ್ಟಿದ ಡೆಪ್ಯೂಟಿ ಚನ್ನಬಸಪ್ಪನವರು

ನಮ್ಮ ಶಾಲೆಯಿಂದ ಹೊರಬಿದ್ದು ಎಂಜಿನಿಯರಿಂಗ್ ಓದಲು ಊರು ಬಿಟ್ಟವರ ಪಟ್ಟಿ ಮಾಡಿದರೆ ಅದು ಉದ್ದವಾದೀತು. ನಾನೂ ಅದರಲ್ಲೊಬ್ಬ. ನಮಗಿಂತ ಸುಮಾರು ನೂರೈವತ್ತು ವರ್ಷ ಮೊದಲೇ ಧಾರವಾಡದ ಹುಡುಗನೊಬ್ಬ ಇದೇ ಆಸೆಯಿಂದ ಪುಣೆಯ ಹಾದಿ ಹಿಡಿದಿದ್ದ. ಆಗ ಧಾರವಾಡಕ್ಕೆ ರೈಲು ಇರಲಿಲ್ಲ. ಅವನು ನಡೆದೇ ಹೋದನೆಂದು ನಮ್ಮ ಭಾಗದ ಹಿರಿಯರು ಹೇಳುತ್ತಾರೆ. ಆ ಹುಡುಗನೇ ಮುಂದೆ ಡೆಪ್ಯೂಟಿ ಚನ್ನಬಸಪ್ಪನವರೆಂದು ಹೆಸರಾದರು.

1833ರಲ್ಲಿ ಹುಟ್ಟಿದ ಅವರು ಪುಣೆಯಿಂದ ಮರಳಿ ಶಿಕ್ಷಣ ಖಾತೆ ಸೇರಿದರು. ಸೇತುವೆ, ರಸ್ತೆ ಕಟ್ಟಬೇಕಾದವರು ಸಾಲಿ ಕಟ್ಟಲು ನಿಂತರು. ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಮಾಸ್ತರರನ್ನು ತಯಾರಿಸಿದರು. ಬಳಿಕ ಡೆಪ್ಯೂಟಿ ಇನ್‌ಸ್ಪೆಕ್ಟರ್ ಆದರು. ಹುದ್ದೆಯ ಹೆಸರೇ ಅವರ ಹೆಸರಿನ ಮುಂದೆ ಅಂಟಿಕೊಂಡಿತು.

ಆಗ ಬೆಳಗಾವಿ, ಧಾರವಾಡ ಸೀಮೆಯಲ್ಲಿ ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಸಾಲಿಯಲ್ಲಿ ಮರಾಠಿ ಓದಬೇಕಿತ್ತು. ಮೇಲಧಿಕಾರಿ ರಸೆಲ್ ಸಾಹೇಬರ ಬೆಂಬಲ ಪಡೆದು ಚನ್ನಬಸಪ್ಪನವರು ಕನ್ನಡ ಸಾಲಿಗಳನ್ನು ತೆರೆಯಿಸಿದರು. ಸರಕಾರದ ಅಪ್ಪಣೆ ಸಿಕ್ಕರೆ ಮುಗಿಯಲಿಲ್ಲ. ಮಾಸ್ತರರ ಪಗಾರ, ಕಟ್ಟಡ, ಪುಸ್ತಕ ಎಲ್ಲಕ್ಕೂ ದುಡ್ಡು ಬೇಕಲ್ಲ! ಮುಂಬಯಿ ಪ್ರಾಂತದಲ್ಲಿ 1860ರ ದಶಕದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಲೋಕಲ್ ಫಂಡ್ ಕೂಡಿಸಿ, ಅದರಲ್ಲಿ ಮೂರನೆಯ ಒಂದು ಭಾಗವನ್ನು ಶಿಕ್ಷಣಕ್ಕೆ ಎತ್ತಿಡುವ ಪದ್ಧತಿ ಬಂತು. ಅಂದರೆ ಹಳ್ಳಿಯ ಸಾಲಿ ರೈತನ ಆಣೆಯ ಮೇಲೆ ನಿಂತಿತು. ಆಣೆ ಕೊಟ್ಟ ರೈತನೇ ತನ್ನ ಮಗನನ್ನು ಸಾಲಿಗೆ ಕಳಿಸದಿದ್ದರೆ ಅದಕ್ಕೆ ಅರ್ಥವೇನು?

ಪಟ್ಟಣಗಳ ಕಥೆ ಬೇರೆ. ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಮುನಿಸಿಪಾಲಿಟಿ ಬಂದಿದ್ದರೂ ಸಾಲಿಗಳ ಹೊಣೆ ಅವುಗಳ ಮೇಲೆ ಗಟ್ಟಿಯಾಗಿ ಬಿದ್ದದ್ದು 1884ರ ಕಾಯ್ದೆಗಳ ನಂತರ. ಹಳ್ಳಿಯ ಆಣೆಯಿಂದ ಪೇಟೆಯ ಮಕ್ಕಳು ಓದುತ್ತಾರೆಂಬ ದೂರು ಆ ಕಾಲದ್ದೇ. ಇಂದು ಪಾಲಿಕೆ, ಇಲಾಖೆ, ಎಸ್‌ಡಿಎಂಸಿ ಮೂವರೂ ಒಂದು ಕೊಠಡಿಯ ದುರಸ್ತಿಗೆ ಪರಸ್ಪರರ ಮುಖ ನೋಡುವುದನ್ನು ಕಂಡಾಗಲೆಲ್ಲ ನನಗೆ ಈ ಹಳೆಯ ಲೆಕ್ಕ ನೆನಪಾಗುತ್ತದೆ.

ಚನ್ನಬಸಪ್ಪನವರ ದೊಡ್ಡಸ್ತಿಕೆ ನನ್ನ ಮಟ್ಟಿಗೆ ಇರುವುದು ಇಲ್ಲಿ: ಅವರು ಕಟ್ಟಡಕ್ಕಿಂತ ಮಾಸ್ತರರನ್ನು ಮುಖ್ಯವೆಂದು ಬಗೆದರು. 1865ರಲ್ಲಿ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಶುರುವಾಯಿತು. ನಮ್ಮ ಕಡೆ ಹಿಂದೆ ಸಾಲಿಗೆ ಮಠವೆಂದೇ ಅನ್ನುತ್ತಿದ್ದರು. ಖಾತೆಯಲ್ಲಿದ್ದ ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮುಂತಾದವರು ಬರವಣಿಗೆಗಿಳಿದದ್ದೂ ಈ ವಾತಾವರಣದಲ್ಲೇ. ಸ್ವತಃ ಚನ್ನಬಸಪ್ಪನವರು ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿಸಿ ಕನ್ನಡಕ್ಕೆ ತಂದರು. ಇನ್‌ಸ್ಪೆಕ್ಟರರೆಂದರೆ ಗಡಗಡ ನಡುಗುವ ಕಾಲದಲ್ಲಿ ನಗಿಸುವ ಇನ್‌ಸ್ಪೆಕ್ಟರ್!

1881ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಅದಾಗಿ ಒಂಬತ್ತು ವರ್ಷಕ್ಕೆ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅದನ್ನು ಕಟ್ಟುವ ಹೊತ್ತಿಗೆ ಕನ್ನಡ ಓದಬಲ್ಲ ಒಂದು ತಲೆಮಾರು ಸಾಲಿಗಳಿಂದ ತಯಾರಾಗಿ ಬಂದಿತ್ತು.

‘ಮಠಪತ್ರಿಕೆ’ ಹೆಸರು ಬದಲಿಸಿಕೊಂಡು ‘ಜೀವನ ಶಿಕ್ಷಣ’ವಾಗಿ ಧಾರವಾಡದಿಂದಲೇ ಬಂದಿತು. ಹಾಜರಿ ಪುಸ್ತಕ ತರಲು ಸ್ಟಾಫ್ ರೂಮಿಗೆ ಹೋದಾಗ ಮೇಜಿನ ಮೇಲೆ ಅದರ ಸಂಚಿಕೆಗಳನ್ನು ನೋಡಿದ್ದೆ. ಗುರುಗಳು ಚಹಾದ ಬಸಿಯನ್ನು ಅದರ ಮೇಲೆ ಇಡುತ್ತಿರಲಿಲ್ಲ, ಪಕ್ಕಕ್ಕೆ ಸರಿಸಿ ಇಡುತ್ತಿದ್ದರು. ಯಾಕೆಂದು ಆಗ ನಾನು ಕೇಳಲಿಲ್ಲ.