ಸರ್ ಎಂ. ವಿಶ್ವೇಶ್ವರಯ್ಯನವರು: ಹೊಲದ ನೀರು, ಯಂತ್ರದ ನೀರು

ಪುಣೆಯಲ್ಲಿ ನೆಲಸಿರುವ ಕನ್ನಡಿಗರಾದ ನಮಗೆ ಖಡಕ್‌ವಾಸ್ಲಾ ಜಲಾಶಯವು ಚಿರಪರಿಚಿತ. ಅದಕ್ಕೆ 1903ರಲ್ಲಿ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಅಳವಡಿಸಿದವರು ವಿಶ್ವೇಶ್ವರಯ್ಯನವರೆಂಬುದನ್ನು ವಿದ್ಯಾರ್ಥಿಗಳಲ್ಲಿ ಹಲವರು ಬಲ್ಲರು. ಆದರೆ ಆ ಮಹನೀಯರು ಜೀವಮಾನವೆಲ್ಲ ಬಿಡಿಸಲೆತ್ನಿಸಿದ ತೊಡಕು ಬಾಗಿಲಿನದಲ್ಲ. ನಾಡಿನ ನೀರೂ ಹಣವೂ ಬೇಸಾಯಕ್ಕೆಷ್ಟು, ಕೈಗಾರಿಕೆಗೆಷ್ಟು ಎಂಬುದು.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಬಂದು, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾಗಿ, ಮರುವರ್ಷ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು.

ನೀರಾ ಕಾಲುವೆಯ ಮೇಲ್ಭಾಗದ ರೈತರು ಕಬ್ಬಿಗಾಗಿ ಮಿತಿಮೀರಿ ನೀರು ಹಾಯಿಸಿ ತಮ್ಮ ನೆಲವನ್ನೇ ಜೌಗುಮಾಡಿಕೊಳ್ಳುತ್ತಿದ್ದರು. ಕೆಳಗಿನ ಊರುಗಳಿಗೆ ನೀರಿನ ಅಭಾವ. ವಿಶ್ವೇಶ್ವರಯ್ಯನವರು ಜಮೀನನ್ನು ಖಂಡಗಳಾಗಿ ವಿಂಗಡಿಸಿ, ಒಂದು ಭಾಗದಲ್ಲಿ ಕಬ್ಬು, ಉಳಿದೆಡೆ ಕಡಿಮೆ ನೀರಿನ ಬೆಳೆ, ಮೂರು ವರ್ಷಗಳ ಸರತಿ ಎಂಬ ಪದ್ಧತಿಯನ್ನು ಸೂಚಿಸಿದರು. ಮೊದಮೊದಲು ಇದಕ್ಕೆ ವಿರೋಧ ಬಂದಿತು. ಹಣ ತರುವ ಬೆಳೆಯನ್ನು ಯಾರು ತಾನೇ ಸುಲಭವಾಗಿ ಬಿಟ್ಟಾರು?

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು. ಶಿವನಸಮುದ್ರದಲ್ಲಿ 1902ರಿಂದ ಉತ್ಪತ್ತಿಯಾಗುತ್ತಿದ್ದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ನಡೆಸುತ್ತಿತ್ತು. ಬೇಸಗೆಯಲ್ಲಿ ಕಾವೇರಿ ಬಡವಾದರೆ ಯಂತ್ರಗಳೂ ಬಡವಾಗುತ್ತಿದ್ದವು. ಇತ್ತ ಮಂಡ್ಯದ ರೈತನು ಮಳೆಯನ್ನೇ ನಂಬಿ ರಾಗಿ ಬಿತ್ತುತ್ತಿದ್ದನು. ಕನ್ನಂಬಾಡಿಯಲ್ಲಿ ಅಣೆಕಟ್ಟೆ ಕಟ್ಟಿದರೆ ಎರಡೂ ನೀಗುವುವೆಂದು ಅವರು ಎಣಿಸಿದರು. ಆದರೆ ಒಂದು ಗಂಟಿತ್ತು. ಶಿವನಸಮುದ್ರವು ನದಿಯ ಕೆಳಗಡೆ ಇದೆ. ಯಂತ್ರಕ್ಕಾಗಿ ಬಿಟ್ಟ ನೀರು ಎತ್ತರದ ಹೊಲಗಳನ್ನು ಮುಟ್ಟದೆ ಹರಿದುಹೋಗುತ್ತದೆ, ಕಾಲುವೆಗೆ ತಿರುಗಿಸಿದ ನೀರು ಯಂತ್ರಕ್ಕೆ ತಪ್ಪುತ್ತದೆ. ಮಳೆಗಾಲದ ನೀರನ್ನು ಸಾಕಷ್ಟು ಕೂಡಿಟ್ಟರೆ ಮಾತ್ರ ಇಬ್ಬರಿಗೂ ಪಾಲು.

1911ರಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರವು ಎಂಬತ್ತು ಅಡಿಗಳಿಗೆ ಮಾತ್ರ ಸಮ್ಮತಿಸಿತು. ಇವರು ಪೂರ್ಣ ಎತ್ತರಕ್ಕೆ ಬೇಕಾಗುವ ತಳಹದಿಯನ್ನೇ ಹಾಕಿಸಿದರು. ಸಿಮೆಂಟಿನ ಬದಲು ಸುಣ್ಣ, ಸುರ್ಕಿಗಳ ಗಾರೆ. ಮೊದಲು ಸಿದ್ಧವಾದ ನೀರು ಆಂಗ್ಲರ ಕೈಯಲ್ಲಿದ್ದ ಗಣಿಗೆ ಬೆಳಕಾಯಿತೇ ಹೊರತು ರೈತನಿಗೆ ಅನ್ನವಾಗಲಿಲ್ಲ. ಇದು ನ್ಯಾಯವೇ? ಗಣಿಗಳು ಕೊಡುವ ವಿದ್ಯುತ್ತಿನ ಹಣವಿಲ್ಲದೆ ಇಷ್ಟು ದೊಡ್ಡ ಕಟ್ಟೆಯ ಭಾರವನ್ನು ಸಂಸ್ಥಾನದ ಬೊಕ್ಕಸ ಹೊರುವುದು ಕಷ್ಟವಾಗಿತ್ತು. ಆದುದರಿಂದ ಆ ಕ್ರಮ ಅನಿವಾರ್ಯವಾಗಿತ್ತೆಂದೇ ನಮ್ಮ ಭಾವನೆ. ಆದರೂ ಅದರ ಬೆಲೆ ತೆತ್ತವರನ್ನು ಮರೆಯಲಾಗದು. ಕನ್ನಂಬಾಡಿಯೂ ಸುತ್ತಣ ಹಳ್ಳಿಗಳೂ, ವೇಣುಗೋಪಾಲಸ್ವಾಮಿಯ ಪುರಾತನ ದೇಗುಲವೂ ನೀರಿನಲ್ಲಿ ಮುಳುಗಿದವು.

1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ, ಗಂಧದೆಣ್ಣೆಯ ಕಾರ್ಖಾನೆ, ಭದ್ರಾವತಿಯ ಕಬ್ಬಿಣದ ಕೆಲಸ ಇವೆಲ್ಲ ಆ ಕಾಲದವು. ಹೆಬ್ಬಾಳದಲ್ಲಿ 1913ರಲ್ಲಿ ಕೃಷಿಶಾಲೆಯೂ ತೆರೆಯಿತೆಂಬುದನ್ನು ಕಾರ್ಖಾನೆಗಳ ಸದ್ದಿನಲ್ಲಿ ಜನರು ಮರೆಯುತ್ತಾರೆ. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಬರೆದ ಗ್ರಂಥದಲ್ಲಿ, ನೆಲವನ್ನೇ ನಂಬಿದ ಬಾಯಿಗಳು ಅತಿಯಾದವೆಂದೂ, ಹಲವರು ಕೈಗಾರಿಕೆಗೆ ಸಾಗಬೇಕೆಂದೂ ವಾದಿಸಿದರು. ಹೊಲ ಸಾಲದೆ ನಗರಕ್ಕೆ ಬಂದ ಮನೆತನಗಳ ಮಕ್ಕಳೇ ನಮ್ಮ ಶಾಲೆಯ ಬೆಂಚುಗಳಲ್ಲಿ ಬಹುಮಂದಿ. ಈ ವಾದವು ಅವರಿಗೆ ಪುಸ್ತಕದ ಮಾತಲ್ಲ.

1924ರ ಒಪ್ಪಂದದಲ್ಲಿ ಕನ್ನಂಬಾಡಿಯ ನೀರಿನಿಂದ ಮೈಸೂರಿಗೆ 1,25,000 ಎಕರೆಗಳ ಹೊಸ ಸಾಗುವಳಿ ದೊರೆಯಿತು. ಹುಲಿಕೆರೆಯ ಸುರಂಗದ ಮೂಲಕ ಹರಿದ ಕಾಲುವೆಯಿಂದ ಮಂಡ್ಯದ ಕಡೆ ಭತ್ತವೂ ಕಬ್ಬೂ ಬೆಳೆದವು. ಕಬ್ಬಿದ್ದುದರಿಂದ 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಇರ್ವಿನ್ ಪ್ರಭುವಿನ ಹೆಸರಿದ್ದ ಆ ಕಾಲುವೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂದಿತು. 1955ರಲ್ಲಿ ಭಾರತರತ್ನರಾದ ಅವರು 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ದಿವಂಗತರಾದರು. ಮೊದಲ ಪಾಲು ಪಡೆದ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ತಡವಾಗಿ ಪಾಲು ಪಡೆದ ಮಂಡ್ಯದ ಗದ್ದೆಗಳಿಗೆ ಕಾಲುವೆಯ ನೀರು ಇನ್ನೂ ಹರಿಯುತ್ತಿದೆ.