ಸರಾಸರಿಯ ಮರೆಯಲ್ಲಿದ್ದ ಬಡತನ ಮತ್ತು ದಾದಾಭಾಯಿ

ಭಾರತದ ಜನ ಬಡವರೇ ಅಲ್ಲವೇ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಲೆಕ್ಕದ ಪ್ರಶ್ನೆಯಾಗಿರಲಿಲ್ಲ. ಬರಿಯ ಅಭಿಪ್ರಾಯದ ಪ್ರಶ್ನೆಯಾಗಿತ್ತು. ಪ್ರಜೆಗಳ ಸ್ಥಿತಿ ಸುಧಾರಿಸುತ್ತಿದೆ ಎಂದು ಅಧಿಕಾರಿಗಳು ವರದಿ ಬರೆಯುತ್ತಿದ್ದರು. ಅಲ್ಲವೆನ್ನುವವರ ಬಳಿ ಅಂಕಿ ಅಂಶಗಳಿರಲಿಲ್ಲ. ಈ ಕೊರತೆಯನ್ನು ನೀಗಿದವರು ದಾದಾಭಾಯಿ ನವರೋಜಿ.

1825ರಲ್ಲಿ ಮುಂಬಯಿಯ ಬಡ ಪಾರ್ಸಿ ಕುಟುಂಬದಲ್ಲಿ ಜನಿಸಿದ ದಾದಾಭಾಯಿ, ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿ ಅಲ್ಲಿಯೇ ಗಣಿತದ ಪ್ರಾಧ್ಯಾಪಕರಾದರು. 1855ರಲ್ಲಿ ವ್ಯಾಪಾರ ಸಂಸ್ಥೆಯೊಂದರ ಪಾಲುದಾರರಾಗಿ ಇಂಗ್ಲೆಂಡಿಗೆ ತೆರಳಿದರು. ಗಣಿತಜ್ಞನ ಶಿಸ್ತು ಮತ್ತು ವರ್ತಕನ ಲೆಕ್ಕಪುಸ್ತಕದ ಅಭ್ಯಾಸ ಎರಡೂ ಅವರಲ್ಲಿ ಕೂಡಿದ್ದವು. 1866ರ ಒರಿಸ್ಸಾ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತ ಮೇಲೆ, ಈ ದೇಶ ಒಟ್ಟು ಎಷ್ಟು ಉತ್ಪಾದಿಸುತ್ತದೆ, ಒಬ್ಬೊಬ್ಬನ ಪಾಲಿಗೆ ಎಷ್ಟು ಬರುತ್ತದೆ ಎಂಬ ಪ್ರಶ್ನೆ ಅವರನ್ನು ಬಿಡದೆ ಕಾಡಿತು.

ಉತ್ತರಕ್ಕಾಗಿ ಅವರು ಸರ್ಕಾರದ ವರದಿಗಳನ್ನೇ ಆಧರಿಸಿದರು. ಪ್ರಾಂತ್ಯವಾರು ಸಾಗುವಳಿಯ ವಿಸ್ತೀರ್ಣ, ಎಕರೆಯ ಇಳುವರಿ ಮತ್ತು ಧಾರಣೆಗಳನ್ನು ಗುಣಿಸಿ, ಬಿತ್ತನೆ ಬೀಜವನ್ನು ಕಳೆದು, ಉಪ್ಪು, ಅಫೀಮು, ಕಲ್ಲಿದ್ದಲು, ಕೈಗಾರಿಕೆಗಳ ಮೌಲ್ಯವನ್ನು ಕೂಡಿಸಿದರು. ಬಿಟ್ಟುಹೋದದ್ದಕ್ಕೆಂದು ಉದಾರವಾಗಿ ಇನ್ನಷ್ಟು ಸೇರಿಸಿದರು. ಬಂದ ಮೊತ್ತ 34 ಕೋಟಿ ಪೌಂಡು. ಬ್ರಿಟಿಷ್ ಭಾರತದ ಜನಸಂಖ್ಯೆ 17 ಕೋಟಿ. ಅಂದರೆ ತಲೆಗೆ ಎರಡು ಪೌಂಡು, ಅಂದಿನ ಲೆಕ್ಕದಲ್ಲಿ ವರ್ಷಕ್ಕೆ 20 ರೂಪಾಯಿ. 1876ರಲ್ಲಿ ಮುಂಬಯಿಯ ಸಭೆಯ ಮುಂದೆ ಈ ಲೆಕ್ಕವನ್ನು ವಿವರವಾಗಿ ಇಟ್ಟ ಅವರು, ಜೈಲಿನ ಕೈದಿಗೆ ಸರ್ಕಾರವೇ ಕೊಡುವ ಅನ್ನ ಬಟ್ಟೆಯ ವೆಚ್ಚದೊಡನೆ ಅದನ್ನು ಹೋಲಿಸಿದರು. ಕೈದಿಗೆ ಸಿಗುವಷ್ಟೂ ಸ್ವತಂತ್ರ ಪ್ರಜೆಗೆ ಸಿಗುವಂತಿರಲಿಲ್ಲ.

ಈ ಕೆಲಸದ ನಡುವೆ ಅವರು ಕಂಡುಹಿಡಿದ ಒಂದು ದೋಷ ಇಂದಿಗೂ ಮನನೀಯ. ವರದಿಗಳಲ್ಲಿ ಜಿಲ್ಲೆಗಳ ಸರಾಸರಿಗಳನ್ನು ಕೂಡಿಸಿ, ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸಿ ಪ್ರಾಂತ್ಯದ ಸರಾಸರಿಯೆಂದು ಬರೆಯಲಾಗುತ್ತಿತ್ತು. ಒಂದು ಜಿಲ್ಲೆಯಲ್ಲಿ ಲಕ್ಷ ಎಕರೆಗೆ ಐದು ಮಣದ ಇಳುವರಿ, ಇನ್ನೊಂದರಲ್ಲಿ ಹತ್ತು ಸಾವಿರ ಎಕರೆಗೆ ಹದಿನೈದು ಮಣದ ಇಳುವರಿ ಎಂದುಕೊಳ್ಳೋಣ. ವರದಿಯ ಕ್ರಮದಲ್ಲಿ ಸರಾಸರಿ ಹತ್ತು ಮಣ. ನಿಜವಾದ ಸರಾಸರಿ ಆರು ಮಣವನ್ನೂ ಮುಟ್ಟದು. ಇಂತಹ ಲೆಕ್ಕದಿಂದ ಕಾಗದದ ಮೇಲೆ ಸಮೃದ್ಧಿ ಬೆಳೆಯುತ್ತಿತ್ತು.

ಸರಿಯಾದ ಸರಾಸರಿಯೂ ಪೂರ್ಣ ಸತ್ಯವಲ್ಲವೆಂಬುದನ್ನು ದಾದಾಭಾಯಿ ಬಲ್ಲವರಾಗಿದ್ದರು. ಸಿರಿವಂತರ ಪಾಲೂ ಈ 20 ರೂಪಾಯಿಯೊಳಗೆ ಸೇರಿರುವುದರಿಂದ ಬಡವನಿಗೆ ದಕ್ಕುವುದು ಅದಕ್ಕಿಂತ ಕಡಿಮೆಯೆಂದು ಅವರು ಒತ್ತಿ ಹೇಳಿದರು. ಹತ್ತು ಮನೆಗಳಲ್ಲಿ ಒಂಬತ್ತರ ಆದಾಯ ಹತ್ತು ರೂಪಾಯಿ, ಒಂದರದು ನೂರಹತ್ತು ಎಂದಾದರೆ ಸರಾಸರಿ ಇಪ್ಪತ್ತು. ಸಾಲಿನ ನಡುವಣ ಮನೆಯ ಆದಾಯ ಹತ್ತೇ. ಈ ನಡುವಣ ಅಂಕಿಯನ್ನು ಇಂದು ಮಧ್ಯಾಂಕವೆನ್ನುತ್ತೇವೆ.

ಅವರ ಲೆಕ್ಕದಲ್ಲಿ ಕೊರತೆಗಳಿಲ್ಲದಿರಲಿಲ್ಲ. ಭೌತಿಕ ಉತ್ಪನ್ನವನ್ನು ಮಾತ್ರ ಎಣಿಸಿ ಸೇವೆಗಳನ್ನು ಅವರು ಬಿಟ್ಟಿದ್ದರು. ಆದರೆ ಪ್ರತಿ ಹೆಜ್ಜೆಯನ್ನೂ ಅಚ್ಚುಹಾಕಿಸಿ ತಪ್ಪಿದ್ದರೆ ತೋರಿಸಬಹುದೆಂದು ತೆರೆದಿಟ್ಟರು. 1882ರಲ್ಲಿ ಸರ್ಕಾರದ ಕಡೆಯಿಂದ ಬೇರಿಂಗ್ ಮತ್ತು ಬಾರ್ಬರ್ ತಲಾ ಆದಾಯ 27 ರೂಪಾಯಿಯೆಂದು ಅಂದಾಜು ಮಾಡಿದರು. ಅದರ ವಿವರಗಳನ್ನು ದಾದಾಭಾಯಿ ಕೇಳಿದರೂ ಸರ್ಕಾರ ಕೊಡಲಿಲ್ಲ. 1892ರಲ್ಲಿ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಮೇಲೂ, ಮೂರು ಬಾರಿ ಕಾಂಗ್ರೆಸ್ಸಿನ ಅಧ್ಯಕ್ಷರಾದಾಗಲೂ ಅವರು ಈ ವಾದವನ್ನು ಕೈಬಿಡಲಿಲ್ಲ. 1901ರಲ್ಲಿ ಅವರ ಬರಹಗಳು ಗ್ರಂಥರೂಪದಲ್ಲಿ ಬಂದವು. 1917ರಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಅಮೆರಿಕದ ಜನಗಣತಿ ಸಂಸ್ಥೆ ಇಂದು ಪ್ರತಿಯೊಂದು ಕೌಂಟಿಯ ಕುಟುಂಬಗಳ ಮಧ್ಯಾಂಕ ಆದಾಯವನ್ನು ವರ್ಷಂಪ್ರತಿ ಅಂದಾಜು ಮಾಡುತ್ತದೆ. ಸಣ್ಣ ಕೌಂಟಿಗಳಲ್ಲಿ ಸಮೀಕ್ಷೆಗೆ ದೊರೆಯುವ ಮನೆಗಳು ಕೆಲವೇ ಆದ್ದರಿಂದ, ತೆರಿಗೆ ದಾಖಲೆಗಳ ನೆರವಿನಿಂದ ಆ ಅಂದಾಜನ್ನು ಗಟ್ಟಿಗೊಳಿಸಲಾಗುತ್ತದೆ. ಕರ್ನಾಟಕದ ಆರ್ಥಿಕ ಸಮೀಕ್ಷೆ ಜಿಲ್ಲಾವಾರು ತಲಾ ಆದಾಯವನ್ನು ಪ್ರಕಟಿಸುತ್ತದೆ. ಅದು ಉಪಯುಕ್ತವಾದರೂ ಸರಾಸರಿಯೇ. ಕಾರ್ಖಾನೆಯೊಂದು ಜಿಲ್ಲೆಗೆ ಬಂದೊಡನೆ ಆ ಅಂಕಿ ಏರಬಹುದು. ಪಕ್ಕದ ಹಳ್ಳಿಯ ಕೂಲಿಕಾರನ ಮನೆಯಲ್ಲಿ ಏನೂ ಬದಲಾಗದಿರಬಹುದು. ಅನುದಾನ ಹಂಚುವವರು ನಡುವಣ ಮನೆಯ ಆದಾಯವನ್ನು ಅರಿಯದೆ ಮುಂದುವರಿದ ಜಿಲ್ಲೆ, ಹಿಂದುಳಿದ ಜಿಲ್ಲೆ ಎಂದು ವಿಂಗಡಿಸಿದರೆ, ದಾದಾಭಾಯಿ ಖಂಡಿಸಿದ ಹಳೆಯ ವರದಿಗಳ ದೋಷವೇ ಹೊಸ ರೂಪದಲ್ಲಿ ಮುಂದುವರಿದಂತಾಗುತ್ತದೆ.